ಗಣಕ ತಯಾರಿಕೆಯಿಂದ ವಿಪ್ರೋ ನಿರ್ಗಮನ ಮತ್ತು ಅಥಣಿ ಸೀಮೆಯ ಉತಾರ

2013ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಪ್ರೋ ಕಂಪನಿಯು ತನ್ನ ಹೆಸರಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮತ್ತು ಸರ್ವರ್‌ಗಳ, ಅಂದರೆ ಜಾಲದಲ್ಲಿರುವ ಹಲವು ಗಣಕಗಳಿಗೆ ಮಾಹಿತಿ ಒದಗಿಸುವ ಯಂತ್ರಗಳ, ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಕಂಪನಿಯ ಒಟ್ಟು ವರಮಾನದಲ್ಲಿ ಆ ಹೊತ್ತಿಗೆ ಯಂತ್ರ ಮಾರಾಟದ ಪಾಲು ತೀರ ಕಿರಿದಾಗಿದ್ದುದರಿಂದ ಸುದ್ದಿ ಹೆಚ್ಚು ದಿನ ಉಳಿಯಲಿಲ್ಲ; ಆದರೆ ಕರ್ನಾಟಕದ ಉದ್ಯಮ ಚರಿತ್ರೆಯಲ್ಲಿ ಅದು ಮೂರು ದಶಕಗಳ ಒಂದು ಪ್ರಯತ್ನದ ಮುಕ್ತಾಯವಾಗಿತ್ತು. ಈ ಮುಕ್ತಾಯದಿಂದ ನಾಡಿಗೆ ಆದ ನಷ್ಟವೇನು, ಉಳಿದದ್ದೇನು ಎಂಬುದನ್ನು ತಿಳಿಯಬೇಕಾದರೆ ಬೆಂಗಳೂರಿನ ಲೆಕ್ಕಪತ್ರಗಳ ಜೊತೆಗೆ, ಯಂತ್ರ ಕೊನೆಗೆ ತಲುಪಿದ ತಾಲೂಕು ಕಚೇರಿಗಳನ್ನೂ, ಅವುಗಳ ಪೈಕಿ ಕೊಕಟನೂರಿನಂಥ ಹಳ್ಳಿಗಳ ಒಕ್ಕಲು ಮಕ್ಕಳು ಉತಾರಕ್ಕಾಗಿ, ಅಂದರೆ ಹೊಲದ ದಾಖಲೆಯ ಪ್ರತಿಗಾಗಿ, ಹೋಗುತ್ತಿದ್ದ ಬೆಳಗಾವಿ ಜಿಲ್ಲೆಯ ಅಥಣಿಯ ಕಚೇರಿಯನ್ನೂ ಕಣ್ಣಮುಂದೆ ಇಟ್ಟುಕೊಳ್ಳಬೇಕಾಗುತ್ತದೆ.

ವಿಪ್ರೋ ಹುಟ್ಟಿದ್ದು ಕರ್ನಾಟಕದಲ್ಲಲ್ಲ, ಗಣಕಕ್ಕಾಗಿಯೂ ಅಲ್ಲ. 1945ರ ಡಿಸೆಂಬರ್‌ನಲ್ಲಿ ಖಾನದೇಶದ ಅಮಳನೇರಿನಲ್ಲಿ ಎಂ.ಎಚ್. ಹಾಶಮ್ ಪ್ರೇಮ್‌ಜಿ ಅವರು ಸ್ಥಾಪಿಸಿದ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಎಂಬ ಆ ಕಂಪನಿ ಶೇಂಗಾ ಎಣ್ಣೆಯಿಂದ ವನಸ್ಪತಿ ತಯಾರಿಸುತ್ತಿತ್ತು, ಬಟ್ಟೆ ಸಾಬೂನನ್ನೂ ಮಾರುತ್ತಿತ್ತು. 1966ರಲ್ಲಿ ತಂದೆಯ ನಿಧನಾನಂತರ ಇಪ್ಪತ್ತೊಂದರ ವಯಸ್ಸಿನ ಅಜೀಂ ಪ್ರೇಮ್‌ಜಿ ಆಡಳಿತ ವಹಿಸಿಕೊಂಡರು. ಎಣ್ಣೆಯ ಕಂಪನಿ ಗಣಕದತ್ತ ಹೊರಳಲು ಅವಕಾಶವಾದದ್ದು ಮತ್ತೊಂದು ನಿರ್ಗಮನದಿಂದ ಎಂಬುದು ಇಲ್ಲಿ ಗಮನಾರ್ಹ. ವಿದೇಶಿ ಕಂಪನಿಗಳು ಭಾರತದ ತಮ್ಮ ಶಾಖೆಗಳಲ್ಲಿ ಸಾಮಾನ್ಯವಾಗಿ ಶೇ. 40ಕ್ಕಿಂತ ಹೆಚ್ಚು ಪಾಲು ಇಟ್ಟುಕೊಳ್ಳಬಾರದೆಂದು 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ವಿಧಿಸಿತ್ತು. ಅದಕ್ಕೆ ಒಪ್ಪದ ಅಮೆರಿಕದ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಹಾಗೆ ತೆರವಾದ ಜಾಗಕ್ಕೆ ಹಲವು ದೇಶಿ ಕಂಪನಿಗಳು ಮುಂದಾದವು, ಅವುಗಳಲ್ಲಿ ವಿಪ್ರೋ ಒಂದು. 1980ರಲ್ಲಿ ಅದರ ಸಂಶೋಧನಾ ತಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಕೆಲಸ ಆರಂಭಿಸಿತು, ಮತ್ತು ಇಂಟೆಲ್‌ನ 8086 ಎಂಬ ಸಂಸ್ಕಾರಕವನ್ನು, ಅಂದರೆ ಲೆಕ್ಕ ಮಾಡುವ ಮುಖ್ಯ ಬಿಲ್ಲೆಯನ್ನು, ಆಧರಿಸಿದ ಮೊದಲ ಯಂತ್ರ ವರ್ಷದೊಳಗೆ ಸಿದ್ಧವಾಯಿತು.

ಆಗಿನ ತಯಾರಿಕೆಯನ್ನು ಕೇವಲ ಬಿಡಿಭಾಗಗಳ ಜೋಡಣೆ ಎಂದು ತಿಳಿಯುವುದು ತಪ್ಪಾದೀತು. ಬಿಲ್ಲೆಗಳು ಹೊರಗಿನವೇ ಆಗಿದ್ದರೂ, ಅವನ್ನು ಕೂರಿಸುವ ಫಲಕದ ವಿನ್ಯಾಸ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು, ವಿದ್ಯುತ್ತಿನ ಏರಿಳಿತ ಮತ್ತು ಧೂಳನ್ನು ತಾಳಿಕೊಳ್ಳುವ ಗುಣ ಇವೆಲ್ಲ ಇಲ್ಲಿನ ಇಂಜಿನಿಯರುಗಳ ಕೈಯಲ್ಲೇ ರೂಪುಗೊಳ್ಳಬೇಕಿತ್ತು, ಏಕೆಂದರೆ ಆಮದು ಸುಂಕ ಭಾರಿಯಾಗಿತ್ತು ಮತ್ತು ಪ್ರತಿಯೊಂದಕ್ಕೂ ಪರವಾನಗಿ ಬೇಕಿತ್ತು. ಮೈಸೂರಿನಲ್ಲಿ ಕಾರ್ಖಾನೆ ನಡೆಯಿತು. ಅದೇ ಬಳಗದಿಂದ ಬಂದ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳ, ಅಂದರೆ ಸಣ್ಣ ಸೂಜಿಗಳು ಮಸಿಪಟ್ಟಿಗೆ ಹೊಡೆದು ಚುಕ್ಕೆಗಳಿಂದ ಅಕ್ಷರ ಮೂಡಿಸುವ ಯಂತ್ರಗಳ, ವಿಭಾಗವು 2000ದಲ್ಲಿ ವೆಪ್ ಎಂಬ ಪ್ರತ್ಯೇಕ ಕಂಪನಿಯಾಯಿತು. ಕಚ್ಚಾ ಕಾಗದದ ಮೇಲೂ, ಪ್ರತಿಯ ಮೇಲೆ ಪ್ರತಿ ಇಟ್ಟೂ ಮುದ್ರಿಸಬಲ್ಲ ಈ ಬಗೆಯ ಮುದ್ರಕಗಳು ಬ್ಯಾಂಕು, ಅಂಗಡಿ, ತೂಕದ ಚೀಟಿ ಕೊಡುವ ಕಡೆಗಳಲ್ಲೆಲ್ಲ ಬಹುಕಾಲ ಉಳಿದವು. ದೇಶದ ಹೊರಗೆ ತಂತ್ರಾಂಶ ಸೇವೆ ಮಾರುವ ಧೈರ್ಯ ಮುಂದೆ ವಿಪ್ರೋಗೆ ಬಂದದ್ದೂ ಯಂತ್ರವನ್ನು ಒಳಗಿನಿಂದ ಬಲ್ಲ ಈ ಇಂಜಿನಿಯರುಗಳಿಂದಲೇ ಎಂಬುದನ್ನು ಮರೆಯಲಾಗದು.

ಇಳಿಗಾಲಕ್ಕೆ ಕಾರಣವಾದದ್ದು ಯಂತ್ರದ ದೋಷವಲ್ಲ. 1984ರ ಗಣಕ ನೀತಿ ಆಮದನ್ನು ಸಡಿಲಿಸಿತು, 1991ರ ಉದಾರೀಕರಣ ವಿದೇಶಿ ಕಂಪನಿಗಳನ್ನು ಮರಳಿ ಕರೆಯಿತು, 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ ಗಣಕಗಳ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಬಿಡಿಭಾಗ ತಂದು ಇಲ್ಲಿ ಜೋಡಿಸುವವನಿಗೂ ಸಿದ್ಧಯಂತ್ರವನ್ನೇ ತಂದು ಮಾರುವವನಿಗೂ ನಡುವಿದ್ದ ಅಂತರ ಹೀಗೆ ಅಳಿಯಿತು. ಕೆಳಗಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳ ಹೆಸರಿಲ್ಲದ ಜೋಡಣೆಯ ಯಂತ್ರಗಳು, ಮೇಲಿನಿಂದ ಜಗತ್ತಿಗೆಲ್ಲ ಒಂದೇ ಮಾದರಿ ತಯಾರಿಸುವ ದೈತ್ಯ ಕಂಪನಿಗಳು ಒತ್ತಿದಾಗ ನಡುವಿನವರಿಗೆ ಲಾಭ ಉಳಿಯಲಿಲ್ಲ. ತೆರಿಗೆ ರಿಯಾಯಿತಿ ಇದ್ದ ಉತ್ತರಾಖಂಡದ ಕೋಟದ್ವಾರದಲ್ಲಿ ವಿಪ್ರೋ ಕಾರ್ಖಾನೆ ನಡೆಸಿದರೂ ಕಥೆ ಬದಲಾಗಲಿಲ್ಲ. ಇದು ಭಾರತಕ್ಕಷ್ಟೇ ಸೀಮಿತವೂ ಆಗಿರಲಿಲ್ಲ: ಐಬಿಎಂ ತನ್ನ ವೈಯಕ್ತಿಕ ಗಣಕ ವಿಭಾಗವನ್ನು 2005ರಲ್ಲಿ ಚೀನಾದ ಲೆನೊವೊಗೆ ಮಾರಿತ್ತು, 2011ರ ಆಗಸ್ಟ್‌ನಲ್ಲಿ ಎಚ್‌ಪಿ ತನ್ನ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಮಾರುಕಟ್ಟೆಗೆ ತಂದು ಎರಡು ತಿಂಗಳೂ ತುಂಬುವ ಮೊದಲೇ ಕೈಬಿಟ್ಟು, ಗಣಕ ವಿಭಾಗವನ್ನೇ ಬೇರ್ಪಡಿಸುವ ಯೋಚನೆ ಪ್ರಕಟಿಸಿ, ಅಕ್ಟೋಬರ್‌ನಲ್ಲಿ ಆ ಯೋಚನೆಯನ್ನು ಹಿಂತೆಗೆದುಕೊಂಡಿತು. ವಿಪ್ರೋ ವಿಷಯದಲ್ಲಿ ಮನಸ್ಸಿಗೆ ನೋವು ತರುವ ಸಂಗತಿಯೆಂದರೆ, ಪರಿಸರಕ್ಕೆ ಹಾನಿ ಕಡಿಮೆ ಮಾಡುವ ಗಣಕ ಮತ್ತು ವಿದ್ಯುನ್ಮಾನ ಕಂಪನಿಗಳ ಗ್ರೀನ್‌ಪೀಸ್ ಪಟ್ಟಿಯಲ್ಲಿ ಅದು 2012ರ ನವೆಂಬರ್‌ನಲ್ಲಿ ಮೊದಲ ಸ್ಥಾನ ಪಡೆದಿತ್ತು. ಸರಿಯಾಗಿ ಒಂದು ವರ್ಷಕ್ಕೆ ಯಂತ್ರ ನಿಂತಿತು. ಸಾಬೂನು, ದೀಪ ಮುಂತಾದ ಹಳೆಯ ವ್ಯಾಪಾರಗಳು 2013ರಲ್ಲೇ ವಿಪ್ರೋ ಎಂಟರ್‌ಪ್ರೈಸಸ್ ಎಂಬ ಬೇರೆ ಕಂಪನಿಯಾಗಿ ಇಂದಿಗೂ ಬಾಳುತ್ತಿವೆ.

ಅಂಗೈಯಲ್ಲಿ ಹಿಡಿಯುವ ಗಣಕದ ಚರಿತ್ರೆ ಇನ್ನೂ ಮುಖ್ಯವಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಅವರು ಬೆಂಗಳೂರಿನ ಎನ್‌ಕೋರ್ ಕಂಪನಿಯವರ ಜೊತೆಗೂಡಿ 1999ರಲ್ಲಿ ಒಂದು ಟ್ರಸ್ಟ್ ರಚಿಸಿ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿದರು. ಬೆರಳಿನಿಂದಲೂ ಕಡ್ಡಿಯಿಂದಲೂ ಮುಟ್ಟಿ ನಡೆಸುವ ತೆರೆ, ಲಿನಕ್ಸ್ ಎಂಬ ಮುಕ್ತ ಕಾರ್ಯನಿರ್ವಹಣಾ ತಂತ್ರಾಂಶ, ಓದಲು ಬಾರದವರಿಗೆ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ, ಹಾಗೂ ಒಂದೇ ಯಂತ್ರವನ್ನು ಇಡೀ ಊರು ಹಂಚಿಕೊಳ್ಳುವಂತೆ ಪ್ರತಿಯೊಬ್ಬರ ಮಾಹಿತಿಯನ್ನು ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಕಾಯ್ದಿಡುವ ವ್ಯವಸ್ಥೆ ಅದರಲ್ಲಿದ್ದವು. 2004ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಯಂತ್ರವನ್ನು ಓರೆ ಮಾಡಿದರೆ ಪುಟ ಮಗುಚುವ ಗುಣ, ಇಂದು ಎಲ್ಲರ ಫೋನುಗಳಲ್ಲೂ ಇರುವುದು, ಅದರಲ್ಲಿ ಆಗಲೇ ಇತ್ತು. ಕರ್ನಾಟಕ ಸರ್ಕಾರ ಭೂದಾಖಲೆಯ ಮಾಹಿತಿ ಸಂಗ್ರಹಕ್ಕೂ ಸಿಂಪ್ಯೂಟರನ್ನು ಬಳಸಿತು. ಆದರೂ ಐವತ್ತು ಸಾವಿರ ಯಂತ್ರಗಳ ಗುರಿಯ ಎದುರು 2005ರವರೆಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ ಮಾತ್ರ. ಸುಮಾರು ಹತ್ತು ಸಾವಿರ ರೂಪಾಯಿಯಿಂದ ಆರಂಭವಾಗುತ್ತಿದ್ದ ಬೆಲೆ ಹಳ್ಳಿಗೆ ಹೆಚ್ಚಾಯಿತು, ದೊಡ್ಡ ಸಂಖ್ಯೆಯಲ್ಲಿ ತಯಾರಾಗದೆ ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಊರೂರಿಗೆ ನುಗ್ಗಿತು. ಬಡ ಓದುಗನನ್ನೂ ಓದು ಬಾರದವನನ್ನೂ ಮೊದಲಿಗೆ ಎಣಿಸಿ ನಿರ್ಮಿಸಿದ ಯಂತ್ರವನ್ನು ಸರ್ಕಾರವೇ ಸಾವಿರಗಟ್ಟಲೆ ಕೊಂಡು ಆರಂಭದ ಆ ಕೆಲವು ವರ್ಷಗಳನ್ನು ದಾಟಿಸಬೇಕಿತ್ತು. ವಿಪ್ರೋ ನಿಲುಗಡೆಗಿಂತ ಇದು ದೊಡ್ಡ ನಷ್ಟ.

ಅಥಣಿ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ಗಣಕದ ಪ್ರವೇಶವನ್ನು ಸಾಮಾನ್ಯ ಒಕ್ಕಲಿಗ ಅರಿತದ್ದು ಅಂಗಡಿಯ ಯಂತ್ರದಿಂದಲ್ಲ, ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ ರಾಜ್ಯ ಸರ್ಕಾರದ ಭೂಮಿ ಯೋಜನೆಯಿಂದ. ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯನ್ನು ಕಂಡ ಈ ಭಾಗದಲ್ಲಿ ಹೊಲದ ಒಡೆತನ, ವಿಸ್ತೀರ್ಣ, ಬೆಳೆ, ಸಾಲದ ಭೋಜಾ ಇವನ್ನು ತೋರಿಸುವ ಪಹಣಿಗೆ ಉತಾರ ಎನ್ನುತ್ತಾರೆ. ಅದನ್ನು ಕೈಬರಹದಲ್ಲಿ ಬರೆದುಕೊಡುವ ಅಧಿಕಾರ ತಲಾಠಿಯದು, ಅಂದರೆ ಗ್ರಾಮ ಲೆಕ್ಕಿಗನದು, ಆಗಿತ್ತು. ಮುಂದೆ ಪ್ರತ್ಯೇಕ ತಾಲೂಕಾದ ಕಾಗವಾಡವೂ ಆಗ ಅಥಣಿಗೇ ಸೇರಿದ್ದರಿಂದ ಉಗಾರ, ಶೇಡಬಾಳದವರಿಗೂ ಕೊಕಟನೂರಿನವರಿಗೂ ಕಚೇರಿ ಒಂದೇ ಆಗಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದಿಂದ, 2000ದ ಸುಮಾರಿಗೆ ರಾಜ್ಯದ ಸುಮಾರು ಎರಡು ಕೋಟಿ ಭೂದಾಖಲೆಗಳು ಗಣಕಕ್ಕೆ ಏರಿದವು. ತಾಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪಹಣಿ ಸಿಗತೊಡಗಿತು, ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರ ತೆರೆಯಬೇಕಾಯಿತು, ಮತ್ತು ಬಂದ ರೈತನಿಗೆ ತನ್ನ ದಾಖಲೆ ಕಾಣುವಂತೆ ಎರಡನೆಯ ತೆರೆಯೊಂದನ್ನು ಅವನ ಕಡೆಗೆ ತಿರುಗಿಸಿ ಇಡಲಾಯಿತು. ಈ ಎರಡನೆಯ ತೆರೆ ಸಣ್ಣ ಏರ್ಪಾಡಿನಂತೆ ಕಂಡರೂ, ತಲೆಮಾರುಗಳಿಂದ ಕಂದಾಯದ ಕಡತವನ್ನು ಎದುರಿನವರ ಕೈಯಲ್ಲಿ ಮಾತ್ರ ನೋಡಿದ್ದ ಒಕ್ಕಲಿಗನಿಗೆ ಅದು ನಿಜವಾದ ಹಕ್ಕಾಗಿತ್ತು.

ಗಣಕದ ತೆರೆಯ ಮೇಲೆ ಕನ್ನಡ ಮೂಡಿದ್ದು ಯಾವ ಯಂತ್ರ ಕಂಪನಿಯ ಔದಾರ್ಯದಿಂದಲೂ ಅಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ ಇವೆಲ್ಲ ಯಾರ ಪೆಟ್ಟಿಗೆಯಲ್ಲಾದರೂ ನಡೆಯುವಂತಿದ್ದವು. ಮೋಡಿ ಲಿಪಿಯ ಹಳೆಯ ಕಾಗದಗಳೂ ಮರಾಠಿಯ ವ್ಯವಹಾರವೂ ಇದ್ದ ಗಡಿಯಲ್ಲಿ ಹೊಲದ ದಾಖಲೆ ಕನ್ನಡದಲ್ಲಿ ಮುದ್ರಣವಾಗುವುದಕ್ಕೆ ವಿಶೇಷ ತೂಕವಿತ್ತು. ಆದ್ದರಿಂದಲೇ ವಿಪ್ರೋ ಯಂತ್ರ ನಿಂತಾಗ ಅಥಣಿಯ ಉತಾರ ನಿಲ್ಲಲಿಲ್ಲ, ಯಾವುದೋ ದೇಶದ ಬೇರೆ ಯಂತ್ರ ಅದೇ ದಾಖಲೆಯನ್ನು ಅದೇ ಲಿಪಿಯಲ್ಲಿ ಮುದ್ರಿಸಿತು. ಸಿಂಪ್ಯೂಟರಿಗೆ ವಹಿಸಿದ್ದ ಬಗೆಯ ಕೆಲಸವೂ ಮತ್ತೆ ಬಂದಿದೆ: 2020ರಿಂದ ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆ್ಯಪಿಗೆ ಏರಿಸುತ್ತಿದ್ದು, ಆ ವಿವರ ಪಹಣಿಯ ಬೆಳೆ ಕಲಮಿಗೆ ಸೇರುತ್ತದೆ, ಆದರೆ ಅದಕ್ಕೆ ಬಳಸುವ ಫೋನನ್ನು ರೈತ ತನ್ನ ಹಣದಿಂದಲೇ ಕೊಳ್ಳಬೇಕು, ಮತ್ತು ಅದರ ವಿನ್ಯಾಸದಲ್ಲಿ ಬೆಂಗಳೂರಿನ ಆ ಪ್ರಾಧ್ಯಾಪಕರಂತೆ ಅವನನ್ನು ನೆನೆದು ಕೆಲಸ ಮಾಡಿದವರು ಯಾರೂ ಇಲ್ಲ.