ಯಂತ್ರದ ಕಂಠ, ಮಾನವನ ಉಸಿರು

ಕ್ರಿ.ಶ. 1623ರ ನವೆಂಬರ್ ತಿಂಗಳಿನಲ್ಲಿ ರೋಮ್ ನಗರದ ಯಾತ್ರಿಕನೊಬ್ಬನು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಗೋವೆಯ ಪೋರ್ಚುಗೀಸರು ಕೆಳದಿಯ ದೊರೆ ವೆಂಕಟಪ್ಪ ನಾಯಕನ ಬಳಿಗೆ ಕಳುಹಿಸಿದ್ದ ರಾಯಭಾರಿಯ ಸಂಗಡಿಗನಾಗಿ ಅವನು ಈ ಸೀಮೆಯನ್ನು ಕಂಡನು. ಇಕ್ಕೇರಿ ಇಂದು ಸಾಗರ ತಾಲ್ಲೂಕಿಗೆ ಸೇರಿದೆ. ನೆರೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕೋಟೆಯೂ ಅಂದು ಕೆಳದಿಯ ಅರಸರ ಕೈಯಲ್ಲೇ ಇತ್ತು.

ಇಕ್ಕೇರಿಯ ಬೀದಿಯಲ್ಲಿ ಸಂಜೆಯ ಹೊತ್ತು ಹೆಣ್ಣುಮಕ್ಕಳು ಕೋಲು ಹಿಡಿದು ಸುತ್ತುಗಟ್ಟಿ ಹಾಡುತ್ತ ಕುಣಿಯುವುದನ್ನು ಅವನು ಕಂಡು ಬರೆದಿಟ್ಟನು. ಅದಕ್ಕೂ ಮುನ್ನ ದಾರಿಯ ಒಂದು ಗುಡಿಯಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಪಾಠವನ್ನು ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುತ್ತಿದ್ದುದು ಅವನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಹಾಡಿದ್ದು ನೆನಪಿನಲ್ಲಿ ಆಳವಾಗಿ ಊರುತ್ತದೆ ಎಂಬ ಸತ್ಯವನ್ನು ಆ ಮಕ್ಕಳಿಂದ ಅವನು ಗುರುತಿಸಿದನು.

ಚರಿತ್ರೆಯ ವಿದ್ಯಾರ್ಥಿಗಳು ದೆಲ್ಲಾ ವಾಲ್ಲೆಯನ್ನು ಕೆಳದಿ ರಾಜ್ಯದ ವೃತ್ತಾಂತ ಬರೆದವನೆಂದು ಬಲ್ಲರು. ಅವನು ಸಂಗೀತಗಾರನೂ ಆಗಿದ್ದನೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ರೋಮಿಗೆ ಹಿಂದಿರುಗಿದ ಮೇಲೆ, 1640ರಲ್ಲಿ, ತನ್ನ ಕಾಲದ ಸಂಗೀತವನ್ನು ಸಮರ್ಥಿಸಿ ಅವನೊಂದು ದೀರ್ಘ ಪತ್ರವನ್ನು ಬರೆದನು. ಅದೇ ವರ್ಷ ಕನ್ಯಾಮರಿಯಮ್ಮನವರ ಶುದ್ಧೀಕರಣದ ಹಬ್ಬಕ್ಕಾಗಿ ಐದು ಧ್ವನಿಗಳ ಭಕ್ತಿಗೀತರೂಪಕವೊಂದನ್ನು ರಚಿಸಿದನು. ಪುರಾತನ ಗ್ರೀಕರ ಸ್ವರಶ್ರೇಣಿಗಳನ್ನು ಮರಳಿ ಬಳಕೆಗೆ ತರುವ ಹಂಬಲದಿಂದ ವಿಶೇಷ ಕೀಲಿಮಣೆ ವಾದ್ಯವೊಂದನ್ನೂ ಮಾಡಿಸಿದನು. ಯೂರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಅವಧಿಯನ್ನು ಬರೋಕ್ ಯುಗವೆನ್ನುತ್ತಾರೆ. ಮಾಂಟೆವೆರ್ದಿ, ಕಾರಿಸ್ಸಿಮಿ, ಹ್ಯಾಂಡೆಲ್, ಬಾಖ್ ಮೊದಲಾದವರು ಆ ಯುಗದವರು. ಆ ಯುಗದ ಪವಿತ್ರ ಸಂಗೀತವನ್ನು ರಚಿಸಿದ ಒಬ್ಬನಾದರೂ ನಮ್ಮ ಮಲೆನಾಡಿನ ಮಣ್ಣನ್ನು ತುಳಿದು, ಇಲ್ಲಿಯ ಹಾಡಿಗೆ ಕಿವಿಗೊಟ್ಟಿದ್ದನೆಂಬುದು ನೆನೆಯತಕ್ಕ ಸಂಗತಿ.

ಇಂದು ದೆಲ್ಲಾ ವಾಲ್ಲೆಯಂಥವರ ರಚನೆಗಳನ್ನು ಗಾಯಕರೇ ಇಲ್ಲದೆ ಗಣಕಯಂತ್ರದಿಂದ ಹಾಡಿಸಬಹುದಾಗಿದೆ. ಸ್ವರಲಿಪಿಯನ್ನೂ ಲತೀನ್ ಪದಗಳನ್ನೂ ಊಡಿಸಿದರೆ ಸಾಕು, ನಾಲ್ಕಾರು ಧ್ವನಿಗಳ ಗಾನವೃಂದವೇ ಹಾಡಿದಂತೆ ಕೇಳಿಸುತ್ತದೆ. ಇದು ದೂರದ ದೇಶಗಳ ವಿನೋದವೆಂದು ನಾವು ತಳ್ಳಿಹಾಕುವಂತಿಲ್ಲ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಗಾನವೃಂದದ ದನಿ ಹೊರಡುವ, ಪೆನ್‌ಡ್ರೈವಿನಲ್ಲಿ ಬಲಿಪೂಜೆಯ ಗೀತೆಗಳೆಲ್ಲ ಸಿದ್ಧವಾಗಿ ದೊರೆಯುವ ಕಾಲ ನಮ್ಮದು. ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಓದಿಗೂ ಉದ್ಯೋಗಕ್ಕೂ ಊರು ಬಿಡುವ ಯುವಜನರ ಜೊತೆಯಲ್ಲಿ ದನಿಗಳೂ ಊರು ಬಿಡುತ್ತವೆ. ಉಳಿದವರು ಹಾಡಬೇಕೋ, ಯಂತ್ರವನ್ನು ಹಾಡಿಸಬೇಕೋ ಎಂಬ ಪ್ರಶ್ನೆ ಇಲ್ಲಿಯೂ ಬಾಗಿಲು ತಟ್ಟುತ್ತದೆ. ಅದಕ್ಕೆ ಉತ್ತರ ಹುಡುಕುವ ಮುನ್ನ ಚರಿತ್ರೆಯ ಮಾತನ್ನು ಕೇಳುವುದು ಒಳಿತು.

ಕೃತಕ ಕಂಠದ ಹಳೆಯ ಕಥೆ

ಕೃತಕ ಕಂಠವು ಇಂದಿನ ಕಲ್ಪನೆಯಲ್ಲ. ಬರೋಕ್ ಯುಗದ ದೇವಾಲಯಗಳ ಆರ್ಗನ್ ವಾದ್ಯದಲ್ಲಿ 'ವೋಕ್ಸ್ ಹುಮಾನಾ' ಎಂಬ ಕೊಳವೆಗಳ ಸಾಲೊಂದು ಇರುತ್ತಿತ್ತು. ಮಾನವಧ್ವನಿ ಎಂದೇ ಅದರ ಅರ್ಥ. ನಾಲಿಗೆಯುಳ್ಳ ಗಿಡ್ಡ ಕೊಳವೆಗಳಿಂದ ಹಾಡುವವರ ದನಿಯನ್ನು ಹೊರಡಿಸುವ ಪ್ರಯತ್ನ ಅದು. ಹದಿನೆಂಟನೆಯ ಶತಮಾನದಲ್ಲಿ ಯೂರೋಪನ್ನು ಸುತ್ತಿದ ಇಂಗ್ಲೆಂಡಿನ ಸಂಗೀತ ಚರಿತ್ರಕಾರ ಚಾರ್ಲ್ಸ್ ಬರ್ನಿಯು ಹಾರ್ಲೆಮ್ ಪಟ್ಟಣದ ಪ್ರಸಿದ್ಧ ಆರ್ಗನ್ನಿನಲ್ಲಿ ಅದನ್ನು ಕೇಳಿ, ಇದರಲ್ಲಿ ಮನುಷ್ಯದನಿಯ ಹೋಲಿಕೆಯೇ ಇಲ್ಲ, ಲೋಕವು ಹೆಸರಿಗೆ ಮರುಳಾಗುತ್ತದೆ ಎಂಬ ಅಭಿಪ್ರಾಯವನ್ನು ಬರೆದನು. 1761ರಲ್ಲಿ ಗಣಿತಜ್ಞ ಆಯ್ಲರ್, ಮಾತಿನ ಎಲ್ಲ ಧ್ವನಿಗಳನ್ನೂ ನುಡಿಯುವ ಯಂತ್ರ ಅಸಾಧ್ಯವಲ್ಲವೆಂದೂ, ಇಂಪಾದ ಕಂಠವಿಲ್ಲದ ಬೋಧಕರು ಆರ್ಗನ್ ನುಡಿಸಿದಂತೆ ತಮ್ಮ ಪ್ರಬೋಧನೆಯನ್ನು ನುಡಿಸಬಹುದೆಂದೂ ಬರೆದನು. 1791ರಲ್ಲಿ ಕೆಂಪೆಲೆನ್ ಎಂಬಾತ ತಿದಿ, ನಾಲಿಗೆ, ಚರ್ಮದ ಕೊಳವೆಗಳಿಂದ ತಾನು ಕಟ್ಟಿದ ಮಾತಾಡುವ ಯಂತ್ರದ ವಿವರವನ್ನು ಗ್ರಂಥವಾಗಿ ಪ್ರಕಟಿಸಿದನು.

ಇನ್ನೊಂದು ಬಗೆಯ ಕೃತಕ ಕಂಠವೂ ಆ ಯುಗದಲ್ಲಿತ್ತು. ಅದನ್ನು ನೆನೆಯುವಾಗ ತಲೆ ತಗ್ಗಿಸಬೇಕಾಗುತ್ತದೆ. ದೇವಾಲಯದ ಗಾನವೃಂದದಲ್ಲಿ ಸ್ತ್ರೀಯರಿಗೆ ಅವಕಾಶವಿಲ್ಲದಿದ್ದ ಕಾಲದಲ್ಲಿ, ಎತ್ತರದ ಸ್ವರಗಳಿಗಾಗಿ ಬಾಲಕರನ್ನು ಶಸ್ತ್ರಕ್ರಿಯೆಯಿಂದ ನಪುಂಸಕರನ್ನಾಗಿಸಿ ಬೆಳೆಸುವ ಪದ್ಧತಿ ಇಟಲಿಯಲ್ಲಿ ಬೇರೂರಿತು. 1903ರ ನವೆಂಬರ್ 22ರಂದು ವಿಶ್ವಗುರು ಹತ್ತನೆಯ ಪಿಯುಸರು ಪವಿತ್ರ ಸಂಗೀತದ ಕುರಿತು ಆಜ್ಞಾಪತ್ರ ಹೊರಡಿಸಿ, ಎತ್ತರದ ಸ್ವರಗಳನ್ನು ಬಾಲಕರೇ ಹಾಡಬೇಕೆಂದು ವಿಧಿಸಿದರು. ಆ ಸಾಲಿನ ಕೊನೆಯ ಗಾಯಕರಲ್ಲೊಬ್ಬನಾದ ಅಲೆಸ್ಸಾಂದ್ರೊ ಮೊರೆಸ್ಕಿಯ ದನಿ 1902 ಮತ್ತು 1904ರಲ್ಲಿ ರೋಮಿನಲ್ಲಿ ಮುದ್ರಿತವಾಗಿ ಇಂದಿಗೂ ಉಳಿದಿದೆ. 1994ರಲ್ಲಿ ಫಾರಿನೆಲ್ಲಿ ಎಂಬ ಗಾಯಕನ ಜೀವನವನ್ನು ಚಲನಚಿತ್ರವಾಗಿಸಿದಾಗ ಅಂತಹ ಕಂಠ ಲೋಕದಲ್ಲೇ ಇರಲಿಲ್ಲ. ಪ್ಯಾರಿಸ್ಸಿನ ಧ್ವನಿವಿಜ್ಞಾನಿಗಳು ಒಬ್ಬ ಪುರುಷ ಗಾಯಕನ ದನಿಯನ್ನೂ ಒಬ್ಬ ಗಾಯಕಿಯ ದನಿಯನ್ನೂ ಗಣಕದಲ್ಲಿ ಬೆಸೆದು ಅದನ್ನು ಸೃಷ್ಟಿಸಿದರು. ಒಂದು ಕಾಲದಲ್ಲಿ ಮಗುವಿನ ದೇಹವನ್ನು ಕೊಯ್ದು ಪಡೆದ ದನಿಯನ್ನು ಈಗ ಯಾರಿಗೂ ನೋವಾಗದಂತೆ ಪಡೆಯಲಾಯಿತು. ಯಂತ್ರವನ್ನು ಹಳಿಯುವ ಮುನ್ನ ಈ ಮಾತನ್ನೂ ತಕ್ಕಡಿಯಲ್ಲಿಡಬೇಕು.

ಗಣಕ ಹಾಡಲು ಕಲಿತದ್ದು 1961ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಕೆಲ್ಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಅವರು ಐಬಿಎಂ 704 ಗಣಕದಿಂದ ಒಂದು ಜನಪ್ರಿಯ ಗೀತೆಯನ್ನು ಹಾಡಿಸಿದರು. ಪಕ್ಕವಾದ್ಯವನ್ನು ಮ್ಯಾಕ್ಸ್ ಮ್ಯಾಥ್ಯೂಸ್ ಅದೇ ಗಣಕದಲ್ಲಿ ರೂಪಿಸಿದರು. 1968ರಲ್ಲಿ ವೆಂಡಿ ಕಾರ್ಲೋಸ್ ಅವರು ಮೂಗ್ ಸಿಂಥಸೈಜರಿನಲ್ಲಿ ಬಾಖ್‌ನ ರಚನೆಗಳನ್ನು ಒಂದೊಂದೇ ಸ್ವರಪಂಕ್ತಿಯಾಗಿ ಮುದ್ರಿಸಿ ಜೋಡಿಸಿದ ಧ್ವನಿಮುದ್ರಿಕೆ ಲೋಕವಿಖ್ಯಾತವಾಯಿತು. 2004ರಲ್ಲಿ ಜಪಾನಿನ ಯಮಹಾ ಸಂಸ್ಥೆಯ 'ವೊಕಲಾಯ್ಡ್' ತಂತ್ರಾಂಶ ಮಾರುಕಟ್ಟೆಗೆ ಬಂದ ಮೇಲೆ ಹಾಡುವ ಯಂತ್ರ ಮನೆಮನೆಯ ವಸ್ತುವಾಯಿತು.

ಯಂತ್ರ ಹಾಡುವ ಬಗೆ

ಮಾನವನ ಗಂಟಲಿನ ತಂತುಗಳು ಕಂಪಿಸಿ ಮೂಲನಾದ ಹುಟ್ಟುತ್ತದೆ. ಬಾಯಿ, ನಾಲಿಗೆ, ಮೂಗುಗಳ ಪೊಳ್ಳು ಆ ನಾದದ ಕೆಲವು ಅಂಶಗಳನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸಿ 'ಅ', 'ಇ', 'ಉ'ಗಳನ್ನಾಗಿಸುತ್ತದೆ. ಮೊದಲಿನ ಯಂತ್ರಗಳು ಈ ಕ್ರಿಯೆಯನ್ನು ಲೆಕ್ಕದಿಂದ ಅನುಕರಿಸಿದವು. ಅನಂತರದವು ನಿಜವಾದ ಗಾಯಕರೊಬ್ಬರ ಉಚ್ಚಾರಣೆಯ ತುಣುಕುಗಳನ್ನು ಮುದ್ರಿಸಿಕೊಂಡು ಪೋಣಿಸಿದವು. ಇತ್ತೀಚಿನವು ಗಾಯಕರ ಗಂಟೆಗಟ್ಟಲೆ ಹಾಡುಗಾರಿಕೆಯಿಂದ ತಾವೇ ಕಲಿಯುತ್ತವೆ. ಹೀಗೆ ಇಂದಿನ ಕೃತಕ ಕಂಠದ ಹಿಂದೆ ನಿಜವಾದ ಕಂಠವೊಂದು ಇದ್ದೇ ಇರುತ್ತದೆ. ಅದರ ಒಪ್ಪಿಗೆಯನ್ನು ಕೇಳಲಾಯಿತೇ, ಅದರ ದುಡಿಮೆಗೆ ಕೂಲಿ ಸಂದಿತೇ ಎಂಬುದು ನ್ಯಾಯದ ಪ್ರಶ್ನೆ.

ಇಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಯಂತ್ರವು ಹತ್ತು ದನಿಗಳನ್ನು ಕರಾರುವಾಕ್ಕಾಗಿ ಒಂದೇ ಕ್ಷಣದಲ್ಲಿ, ಒಂದೇ ಶ್ರುತಿಯಲ್ಲಿ ಹಾಡಿದರೆ ಅದು ಹತ್ತು ಜನರ ಹಾಡಿನಂತೆ ಕೇಳಿಸುವುದಿಲ್ಲ. ಒಂದೇ ದನಿಯನ್ನು ದೊಡ್ಡದು ಮಾಡಿದಂತೆ ಕೇಳಿಸುತ್ತದೆ. ಆದುದರಿಂದ ತಂತ್ರಜ್ಞರು ಬೇಕೆಂದೇ ಒಂದು ದನಿಯನ್ನು ಕೊಂಚ ತಡಮಾಡುತ್ತಾರೆ, ಇನ್ನೊಂದನ್ನು ಶ್ರುತಿಯಿಂದ ಕೂದಲೆಳೆಯಷ್ಟು ಸರಿಸುತ್ತಾರೆ, ಉಸಿರೇ ಬೇಕಿಲ್ಲದ ಯಂತ್ರಕ್ಕೆ ಉಸಿರೆಳೆಯುವ ಸದ್ದನ್ನು ಸೇರಿಸುತ್ತಾರೆ. ನಾವು ನಮ್ಮ ಗಾನವೃಂದದ ಕುಂದುಗಳೆಂದು ನಾಚಿಕೊಳ್ಳುವುದನ್ನೇ ಯಂತ್ರವು ಮಾನವತೆಯ ಗುರುತಾಗಿ ಎರವಲು ಪಡೆಯುತ್ತದೆ!

ಬಾಖ್‌ನ ಬಡತನ

ನಮ್ಮ ಸಣ್ಣ ಧರ್ಮಕೇಂದ್ರಗಳಲ್ಲಿ ಹಾಡುವವರಿಲ್ಲ ಎಂಬುದು ಸಾಮಾನ್ಯವಾದ ಕೊರಗು. 1730ರ ಆಗಸ್ಟ್ 23ರಂದು ಬಾಖ್ ಕೂಡ ಇದೇ ಕೊರಗನ್ನು ಲೈಪ್‌ಜಿಗ್ ನಗರಸಭೆಗೆ ಬರೆದುಕೊಂಡನು. ತನ್ನ ಶಾಲೆಯ ವಿದ್ಯಾರ್ಥಿಗಳಲ್ಲಿ 17 ಮಂದಿ ಹಾಡಬಲ್ಲವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಸಂಗೀತಕ್ಕೆ ಒದಗದವರು ಎಂದು ಅವನು ಲೆಕ್ಕ ಒಪ್ಪಿಸಿದನು. ಆ ಕೊರತೆಯ ನಡುವೆಯೇ ಅವನು ದೇವಾರಾಧನೆಯ ಸಂಗೀತವನ್ನು ನಡೆಸಿಕೊಂಡು ಬಂದನು. 1981ರಲ್ಲಿ ಅಮೆರಿಕದ ವಿದ್ವಾಂಸ ಜೋಶುವಾ ರಿಫ್ಕಿನ್, ಬಾಖ್‌ನ ಬಹುಪಾಲು ರಚನೆಗಳಲ್ಲಿ ಒಂದೊಂದು ಧ್ವನಿಭಾಗಕ್ಕೆ ಒಬ್ಬೊಬ್ಬರೇ ಹಾಡುತ್ತಿದ್ದರೆಂದು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಪವಿತ್ರ ಸಂಗೀತಕ್ಕೆ ನೂರು ಕಂಠಗಳ ಅಬ್ಬರ ಅನಿವಾರ್ಯವಲ್ಲ ಎಂಬುದನ್ನು ಅದು ಮನಗಾಣಿಸಿತು. ಯಂತ್ರದಿಂದ ನಲವತ್ತು ಜನರ ಗದ್ದಲವನ್ನು ತರಿಸುವ ಬದಲು ನಾಲ್ವರನ್ನು ಹಾಡಿಸುವುದೇ ಬರೋಕ್ ಪದ್ಧತಿಗೆ ಹೆಚ್ಚು ಹತ್ತಿರವಾದೀತು.

ಕನ್ನಡಕ್ಕೂ ಈ ಪರಂಪರೆ ಹೊರಗಿನದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಸಭಾಗೀತೆಗಳನ್ನು ಅವುಗಳ ರಾಗಗಳೊಡನೆ ಕನ್ನಡಕ್ಕೆ ತಂದರು. ಅವರಲ್ಲೊಬ್ಬರಾದ ಕಿಟ್ಟೆಲರು 1862ರ ತಮ್ಮ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಪದ್ಯರೂಪದಲ್ಲೇ ಹೇಳಿದರು. ಹೊರಗಿನ ರಾಗಕ್ಕೆ ಕನ್ನಡದ ನುಡಿ, ಕ್ರಿಸ್ತಕಥೆಗೆ ಕನ್ನಡದ ಛಂದಸ್ಸು: ಎರಡು ಹಾದಿಗಳೂ ನಮ್ಮವಾದವು.

ಧರ್ಮಸಭೆಯ ಮಾತು

1958ರ ಸೆಪ್ಟೆಂಬರ್ 3ರಂದು ರೋಮಿನಿಂದ ಹೊರಟ ಪವಿತ್ರ ಸಂಗೀತದ ನಿರ್ದೇಶನವು ಸ್ವಯಂಚಾಲಿತ ಆರ್ಗನ್, ಗ್ರಾಮಫೋನ್, ರೇಡಿಯೋ, ಧ್ವನಿಮುದ್ರಣ ಯಂತ್ರಗಳನ್ನು ಆರಾಧನಾವಿಧಿಯಲ್ಲಿ ಬಳಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿತು. ಆದರೆ ಗೀತೆಗಳನ್ನು ಕಲಿಸುವುದಕ್ಕೆ ಅವುಗಳ ಬಳಕೆಯನ್ನು ಅದೇ ನಿರ್ದೇಶನ ಒಪ್ಪಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನು ಆರಾಧನೆಯ ಹೃದಯಸ್ಥಾನದಲ್ಲಿಟ್ಟು, ಆಯಾ ನಾಡಿನ ಸಂಗೀತ ಸಂಪ್ರದಾಯಗಳಿಗೆ ತಕ್ಕ ಮನ್ನಣೆ ನೀಡಿತು. 1967ರ ಮಾರ್ಚ್ 5ರ ನಿರ್ದೇಶನದಲ್ಲಿ ನಮ್ಮಂತಹ ಸಣ್ಣ ಸಮುದಾಯಗಳನ್ನೇ ಕಣ್ಣೆದುರಿಗಿಟ್ಟು ಬರೆದಂತಹ ಮಾತಿದೆ: ಚಿಕ್ಕ ಗಾನವೃಂದವನ್ನೂ ಕಟ್ಟಲಾಗದ ಕಡೆ, ಸರಿಯಾದ ತರಬೇತಿ ಪಡೆದ ಒಬ್ಬಿಬ್ಬರು ಗಾಯಕರಾದರೂ ಇರುವಂತೆ ನೋಡಿಕೊಳ್ಳಬೇಕೆಂಬುದು ಅದರ ಆಶಯ. ಕೇಳಿದ್ದು ಒಬ್ಬಿಬ್ಬರನ್ನು ಮಾತ್ರ; ಆದರೆ ಜೀವವುಳ್ಳ ಒಬ್ಬಿಬ್ಬರನ್ನು.

ಯಂತ್ರದ ಬಗೆಗಿನ ಶಂಕೆ ಧರ್ಮಸಭೆಗೆ ಮಾತ್ರ ಸೀಮಿತವಾಗಿರಲಿಲ್ಲ. ಹಾರ್ಮೋನಿಯಮ್ಮಿನ ಸ್ಥಿರ ಸ್ವರಗಳು ನಮ್ಮ ರಾಗಗಳ ಸೂಕ್ಷ್ಮವನ್ನು ಕೆಡಿಸುತ್ತವೆಂದು ಆಕಾಶವಾಣಿಯು 1940ರಿಂದ ಸುಮಾರು ಮೂರು ದಶಕಗಳ ಕಾಲ ಅದನ್ನು ದೂರವಿಟ್ಟಿತ್ತು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಕಂಡು ಹುಬ್ಬೇರಿಸಿದವರೂ ಇದ್ದರು. ಇಂದು ಸಾವಿರಾರು ಸಾಧಕರು ಅದರೊಡನೆಯೇ ಅಭ್ಯಾಸ ಮಾಡುತ್ತಾರೆ. ಆ ಪೆಟ್ಟಿಗೆ ಗಾಯಕನ ಬದಲಾಗಿ ಹಾಡುವುದಿಲ್ಲ. ಗಾಯಕನು ಹಾಡಲೆಂದು ಶ್ರುತಿ ಹಿಡಿದು ಕಾಯುತ್ತದೆ. ಒಳ್ಳೆಯ ಯಂತ್ರದ ಲಕ್ಷಣ ಇದೇ ಇರಬೇಕು.

ಕೃತಕ ಕಂಠವೂ ಹಾಗೆ ನಮ್ಮ ಸೇವೆಗೆ ನಿಲ್ಲಬಲ್ಲದು. ನಾಲ್ಕು ಧ್ವನಿಗಳ ಗೀತೆಯೊಂದನ್ನು ಕಲಿಯಬಯಸುವ ಸೊರಬದ ಹುಡುಗಿಗೆ ಉಳಿದ ಮೂರು ಧ್ವನಿಗಳನ್ನು ಹಾಡಿ ತೋರಿಸುವ ತಾಳ್ಮೆಯ ಗುರು ಅದಾಗಬಹುದು. ದೆಲ್ಲಾ ವಾಲ್ಲೆಯಂಥವರ ಅಪರೂಪದ ಸ್ವರಶ್ರೇಣಿಗಳನ್ನು ಕೇಳಿ ತಿಳಿಯಲು ಸಂಶೋಧಕನಿಗೆ ನೆರವಾಗಬಹುದು. ಆದರೆ ಭಾನುವಾರದ ಬಲಿಪೂಜೆಯಲ್ಲಿ ಅದು ನಮ್ಮ ಬದಲಾಗಿ ಹಾಡತೊಡಗಿದರೆ, ನಾವು ಕೇಳುಗರಾಗಿ ಕುಳಿತುಬಿಡುತ್ತೇವೆ. ಕೀರ್ತನೆಗಳ ಗ್ರಂಥವು ಕೊಟ್ಟಕೊನೆಗೆ ಸ್ತುತಿಗೆ ಕರೆಯುವುದು ಉಸಿರುಳ್ಳವರನ್ನು. ಉಸಿರು ಕಟ್ಟುವುದು, ದನಿ ನಡುಗುವುದು, ಪಕ್ಕದವರ ದನಿಗೆ ನಮ್ಮ ದನಿಯನ್ನು ತಗ್ಗಿಸುವುದು, ಇವೆಲ್ಲವೂ ಆ ಕಾಣಿಕೆಯ ಭಾಗಗಳು. ಯಂತ್ರಕ್ಕೆ ಕೊಡಲು ಏನೂ ಇಲ್ಲ, ಏಕೆಂದರೆ ಕಳೆದುಕೊಳ್ಳಲು ಅದಕ್ಕೆ ಏನೂ ಇಲ್ಲ.

ಈ ನೆಲಕ್ಕೆ ಇದು ಹೊಸ ಪಾಠವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭುಗಳು ಮದ್ದಳೆಯ ವಾದಕರಾಗಿದ್ದರೆಂದು ಹರಿಹರ ಕವಿಯ ರಗಳೆ ಹೇಳುತ್ತದೆ. ವಾದ್ಯದಲ್ಲಿ ಪಳಗಿದ ಅವರು ವಾದ್ಯವನ್ನು ದಾಟಿದ ಅನುಭಾವವನ್ನು ಅರಸಿ ಹೊರಟರು. ವಾದ್ಯ ದಾರಿಯಾಗಬಹುದು, ಗುರಿಯಾಗಲಾರದು ಎಂಬುದನ್ನು ಈ ಸೀಮೆ ಬಹು ಹಿಂದೆಯೇ ಅರಿತಿತ್ತು.

ನಾಲ್ಕು ಶತಮಾನಗಳ ಹಿಂದೆ ಆ ರೋಮನ್ ಯಾತ್ರಿಕನು ಕಂಡ ನಾಲ್ವರು ಬಾಲಕರು ನಮ್ಮ ಕಣ್ಣ ಮುಂದೆ ಬರಲಿ. ಅವರಿಗೆ ಕಾಗದವಿರಲಿಲ್ಲ, ಲೇಖನಿಯಿರಲಿಲ್ಲ. ಮರಳಿತ್ತು, ಬೆರಳಿತ್ತು, ಕೂಡಿ ಹಾಡುವ ದನಿಯಿತ್ತು. ಬರೆದದ್ದು ಅಳಿಸಿಹೋಯಿತು, ಹಾಡಿದ್ದು ಉಳಿಯಿತು. ನಾಲ್ಕು ಜನರಿದ್ದರೆ ಒಂದು ಗಾನವೃಂದ. ಮುಂದಿನ ಭಾನುವಾರ ಗುಂಡಿ ಒತ್ತುವ ಮುನ್ನ, ನಮ್ಮ ಧರ್ಮಕೇಂದ್ರದಲ್ಲಿ ಅಂತಹ ನಾಲ್ವರು ಯಾರಿದ್ದಾರೆಂದು ಒಮ್ಮೆ ತಿರುಗಿ ನೋಡೋಣ.