ದೊಡ್ಡಪ್ಪನ ಬೆರಳು ಮತ್ತು ಬ್ಲೇಡಿನ ಓರೆ

ಬಹಳ ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ ಅನ್ನೋದು ಮಾಮೂಲಿ ನೆಪ. ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯಲ್ಲೇ ಕೂತಿದೆ, ಬರೆದೇ ಬಿಡೋಣ ಅನ್ನಿಸ್ತು.

ದಾವಣಗೆರೆ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನದೊಂದು ಹಳೇ ಮ್ಯಾಸಿ ಟ್ರ್ಯಾಕ್ಟರ್ ಇದೆ. ಅದರ ಹಿಂದೆ ಕಟ್ಟೋದಕ್ಕೆ ಮಣ್ಣು ಸರಿಸುವ ಬ್ಲೇಡು. ಮಣ್ಣನ್ನು ಎಳೆದುಕೊಂಡು ಹೋಗೋದಾದರೆ ಬ್ಲೇಡು ಪೂರ್ತಿ ಅಡ್ಡಕ್ಕಿರಬೇಕು. ಪಕ್ಕಕ್ಕೆ ಹಾಕಬೇಕಾದರೆ ಓರೆಯಾಗಬೇಕು. ಓರೆ ಮಾಡೋದಕ್ಕೆ ಗಾಡಿ ನಿಲ್ಲಿಸಿ, ಇಳಿದು, ಪಿನ್ನು ಕಿತ್ತು, ಬ್ಲೇಡನ್ನು ಕೈಯಲ್ಲಿ ತಿರುಗಿಸಿ, ಬೇರೆ ತೂತಿಗೆ ಪಿನ್ನು ಹಾಕಬೇಕು. ಹೋದ ವರ್ಷ ಹೀಗೆ ಮಾಡುವಾಗಲೇ ದೊಡ್ಡಪ್ಪನ ತೋರುಬೆರಳಿನ ತುದಿ ಹೋಯಿತು.

"ಒಂದು ಸಿಲಿಂಡರ್ ಹಾಕಿಸಿಬಿಡಿ, ಲಿಫ್ಟಿನ ಎಣ್ಣೆ ಹೇಗೂ ಇದೆಯಲ್ಲ" ಅಂದೆ, ಇಂಜಿನಿಯರ್ ಗತ್ತಿನಲ್ಲಿ. ವೆಲ್ಡಿಂಗ್ ಶಾಪಿನವರು ನಕ್ಕುಬಿಟ್ಟರು. "ಲಿಫ್ಟು ಬರೀ ಎತ್ತುತ್ತೆ ಸಾರ್. ಇಳಿಯೋದು ಅದರ ಭಾರಕ್ಕೆ ಅದೇ. ಬ್ಲೇಡನ್ನ ಆ ಕಡೆ ತಳ್ಳಿದ ಮೇಲೆ ಈ ಕಡೆ ತರೋರ್‍ಯಾರು?" ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ಬಾಯಿ ಮುಚ್ಚಿಕೊಂಡೆ :-) ಬೆಂಗಳೂರಿಗೆ ವಾಪಸ್ ಬಂದು ಓದುತ್ತಾ ಹೋದರೆ ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಡಿ. ವಾರ್ಡ್ ಕಿಂಗ್ ಅಂತ ಒಬ್ಬ ರೈತ ಇದ್ದ. 1896ರಲ್ಲಿ ತನ್ನ ಮನೆ ಮುಂದಿನ ಕೆಸರು ರಸ್ತೆಯನ್ನು ಸರಿಮಾಡಲು ಹೊರಟ. ಅವನ ಹೆಸರಿನಿಂದ ಪ್ರಸಿದ್ಧವಾದ ಸಾಧನ ಬಹಳ ಸರಳ. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ಒಂದರ ಹಿಂದೊಂದು ಇಟ್ಟು ಏಣಿಯಂತೆ ಜೋಡಿಸಿ, ಕುದುರೆ ಕಟ್ಟಿ ಎಳೆಸೋದು. ನಮ್ಮ ಕೊರಡು ನೋಡಿದವರಿಗೆ ಕೂಡಲೇ ಅರ್ಥವಾಗುತ್ತೆ. ಸರಪಳಿಯ ಕೊಂಡಿಯನ್ನು ಪಕ್ಕಕ್ಕೆ ಸರಿಸಿ ಹಾಕಿದರೆ ದಿಮ್ಮಿ ಓರೆಯಾಗಿ ಚಲಿಸಿ, ಮಣ್ಣು ಅಂಚಿನಿಂದ ರಸ್ತೆಯ ನಡುವಿಗೆ ಜಾರುತ್ತೆ. ಮೇಲೆ ನಿಂತವನು ಚರಂಡಿ ಕಡೆಗೆ ಸರಿದು ನಿಂತರೆ ಆ ಕಡೆ ಹೆಚ್ಚು ಕೆರೆಯುತ್ತೆ. ಅಂದರೆ ಇಡೀ ಯಂತ್ರದ ಕಂಟ್ರೋಲು ಒಂದು ಸರಪಳಿ ಮತ್ತು ಎರಡು ಕಾಲು! 1908ರಲ್ಲಿ ಅಮೆರಿಕದ ಕೃಷಿ ಇಲಾಖೆ ಇದರ ಬಗ್ಗೆಯೇ ಒಂದು ಕೈಪಿಡಿ ಹೊರತಂದಿತು.

ಆದರೆ ಓರೆಯಲ್ಲಿ ಒಂದು ತೊಡಕಿದೆ. ಬ್ಲೇಡು ಮಣ್ಣನ್ನು ಒಂದು ಪಕ್ಕಕ್ಕೆ ತಳ್ಳಿದರೆ ಮಣ್ಣು ಬ್ಲೇಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತೆ. ಗಾಡಿಯೇ ಜಾರುತ್ತೆ. ಇದಕ್ಕೆ ಇಂಡಿಯಾನಾದ ಜೋಸೆಫ್ ಆಡಮ್ಸ್ 1885ರಲ್ಲೇ ಉಪಾಯ ಹುಡುಕಿದ್ದ. ಅವನ ಗ್ರೇಡರಿನ ಚಕ್ರಗಳೇ ಪಕ್ಕಕ್ಕೆ ವಾಲಿಕೊಂಡು ಆ ಒತ್ತಡಕ್ಕೆ ಎದುರಾಗಿ ನಿಲ್ಲುತ್ತಿದ್ದವು. ಇವತ್ತಿಗೂ ರಸ್ತೆ ಕೆಲಸದ ಗ್ರೇಡರುಗಳ ಮುಂದಿನ ಚಕ್ರ ವಾಲುವುದು ಇದೇ ಕಾರಣಕ್ಕೆ.

ಇನ್ನು ಟ್ರ್ಯಾಕ್ಟರಿನ ಕಥೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ (1909ರಲ್ಲಿ ಆ ದೇಶದಲ್ಲಿ ಮೊದಲು ವಿಮಾನ ಹಾರಿಸಿದವನೂ ಇವನೇ) ಒಂದು ದೊಡ್ಡ ಅಪಾಯ ಗಮನಿಸಿದ್ದ. ಆಗಿನ ಟ್ರ್ಯಾಕ್ಟರುಗಳಿಗೆ ಕಟ್ಟಿದ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಮುಂಭಾಗ ಮೇಲೆದ್ದು ಚಾಲಕನ ಮೇಲೇ ಮಗುಚುತ್ತಿತ್ತು. ನೇಗಿಲನ್ನು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೇ ಸೇರಿಸಿ, ಎಣ್ಣೆಯ ಒತ್ತಡದಿಂದ ಎತ್ತುವ ವ್ಯವಸ್ಥೆಗೆ ಅವನು ಬಂದದ್ದು ಹೀಗೆ. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಆಯಿತು, ಕಾಗದ ಪತ್ರ ಏನಿಲ್ಲ. 1939ರಲ್ಲಿ ಫೋರ್ಡ್ 9ಎನ್ ಬಂತು. ಫೋರ್ಡನ ಮೊಮ್ಮಗನ ಕಾಲಕ್ಕೆ ಒಪ್ಪಂದ ಮುರಿದು, ಕೋರ್ಟು ಹತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಮುಂದೆ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳು ಚೆನ್ನೈನ ಟಾಫೆ ಕಂಪನಿಯ ಮೂಲಕ ನಮ್ಮೂರಿನ ತನಕ ಬಂದವು.

ಆದರೆ ಗಮನಿಸಿ, ಫರ್ಗ್ಯುಸನ್ನನ ಎಣ್ಣೆ ಒಂದೇ ದಿಕ್ಕಿಗೆ ತಳ್ಳುತ್ತೆ. ಇಳಿಸೋದಕ್ಕೆ ಭೂಮಿಯ ಆಕರ್ಷಣೆ ಪುಕ್ಕಟೆ ಇದೆಯಲ್ಲ! ಪಕ್ಕಕ್ಕೆ ತಿರುಗಿಸೋದಕ್ಕೆ ಆ ಪುಕ್ಕಟೆ ಸಹಾಯ ಇಲ್ಲ. ಎರಡೂ ತುದಿಗೆ ಎಣ್ಣೆ ಹೋಗುವ ಸಿಲಿಂಡರ್, ಎರಡು ಪೈಪು, ದಿಕ್ಕು ಬದಲಿಸುವ ವಾಲ್ವು ಎಲ್ಲಾ ಬೇಕು. 1940ರ ದಶಕದ ಕೊನೆಗೆ ಅಮೆರಿಕದ ಕಂಪನಿಗಳು ಪೈಪಿನಲ್ಲಿ ಎಣ್ಣೆ ಕಳಿಸಿ, ಹಿಂದಿನ ಉಪಕರಣದ ಮೇಲೇ ಸಿಲಿಂಡರ್ ಇಡುವುದನ್ನು ರೂಢಿಗೆ ತಂದಿದ್ದವು. ಆದರೂ ಅಗ್ಗದ ಬ್ಲೇಡುಗಳಲ್ಲಿ ಪಿನ್ನೇ ಉಳಿಯಿತು. ಎತ್ತುವ ಕೆಲಸಕ್ಕೆ ಪೇಟೆಂಟು, ಕೋರ್ಟು, ಡಾಲರು ಎಲ್ಲಾ ಸಿಕ್ಕಿತು. ತಿರುಗಿಸುವ ಕೆಲಸ ಮಾತ್ರ ದೊಡ್ಡಪ್ಪನಂಥವರ ಬೆರಳಿಗೇ ಬಿತ್ತು.

ಕೊನೆಗೆ ಅದೇ ಶಾಪಿನವರೇ ಸಿಲಿಂಡರ್ ಕೂರಿಸಿದರು. ಅವರು ಹಟ ಹಿಡಿದು ಹಾಕಿಸಿದ್ದು ಎರಡೂ ಬದಿಗೆ ರಿಲೀಫ್ ವಾಲ್ವ್. ಓರೆಯಾದ ಬ್ಲೇಡಿನ ತುದಿ ಕಲ್ಲಿಗೆ ಬಡಿದರೆ ಸಿಲಿಂಡರಿನ ಒಳಗೆ ಒತ್ತಡ ಒಮ್ಮೆಲೇ ಏರುತ್ತೆ. ಎಣ್ಣೆಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಪೈಪು ಒಡೆಯುತ್ತೆ, ಇಲ್ಲಾ ರಾಡು ಬಾಗುತ್ತೆ. ಪಿನ್ನಿಗಾದರೆ ಈ ರಗಳೆ ಇರಲಿಲ್ಲ, ಮುರಿದರೆ ಇನ್ನೊಂದು ಹಾಕಿದರಾಯ್ತು.

ಈಗ ದೊಡ್ಡಪ್ಪ ಸೀಟಿನಲ್ಲೇ ಕೂತು, ಅದೇ ಗಾಯದ ಕೈಯಲ್ಲಿ ಲಿವರ್ ಒತ್ತಿ ಬ್ಲೇಡು ತಿರುಗಿಸ್ತಾರೆ. ಆದರೂ ಗದ್ದೆಯ ಕೊನೆ ಬಂದಾಗ ಗಾಡಿ ನಿಲ್ಲಿಸಿ ಇಳಿದರು. ಇನ್ನೂ ಯಾಕೆ ಇಳೀತೀರಿ ಅಂತ ಕೇಳಿದೆ.

"ಮಣ್ಣು ಎಲ್ಲಿ ಕೂತಿದೆ ಅಂತ ಮೇಲಿಂದ ಕಾಣಲ್ಲ ಕಣೋ ತಮ್ಮಾ" ಅಂದರು, ಬರಿಗಾಲಲ್ಲಿ ನಡೆಯುತ್ತಾ.

ನಿಮ್ಮ ಮನೆಯ ಹಿರಿಯರಲ್ಲಿ ಕೊರಡಿನ ಮೇಲೆ ನಿಂತು ಗದ್ದೆ ಸಮ ಮಾಡಿದವರು ಇದ್ದಾರಾ? ಓರೆ ಹೇಗೆ ಮಾಡ್ತಿದ್ದರು ಅಂತ ಕೇಳಿ ಬರೀರಿ. ಓದೋದಕ್ಕೆ ನಾನು ಕಾಯ್ತಿರ್ತೀನಿ.