ಸಿಪಾಯಿ ಯಾರ ಮಾತು ಕೇಳಬೇಕು? ಟಾಂಜಾನಿಯಾ, 1964



ಆಫ್ರಿಕಾ ಖಂಡದ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಪೂರ್ವ ಕರಾವಳಿಯಲ್ಲಿ, ಹಿಂದೂ ಮಹಾಸಾಗರದ ಅಂಚಿನಲ್ಲಿ, ಟಾಂಜಾನಿಯಾ ಎಂಬ ವಿಶಾಲ ದೇಶವಿದೆ. ಅದರ ಎದುರಿಗೇ ಸಮುದ್ರದಲ್ಲಿ ಜಾಂಜಿಬಾರ್ ಮತ್ತು ಪೆಂಬಾ ಎಂಬ ದ್ವೀಪಗಳು ಕಾಣುತ್ತವೆ. 1964ರ ಆರಂಭದಲ್ಲಿ ಟಾಂಜಾನಿಯಾ ಎಂಬ ಹೆಸರು ಯಾವ ಭೂಪಟದಲ್ಲೂ ಇರಲಿಲ್ಲ. ಮುಖ್ಯಭೂಮಿಯನ್ನು ಟಾಂಗನೀಕಾ ಎನ್ನುತ್ತಿದ್ದರು. ಅದು 1961ರ ಡಿಸೆಂಬರ್ 9ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದಿತ್ತು. ಸುಲ್ತಾನನ ಆಳ್ವಿಕೆಯಲ್ಲಿದ್ದ ಜಾಂಜಿಬಾರ್ ಬೇರೆಯೇ ರಾಜ್ಯ. ಅದು ಸ್ವತಂತ್ರವಾದದ್ದು 1963ರ ಡಿಸೆಂಬರ್ 10ರಂದು. ಮುಂದಿನ ಕೆಲವೇ ತಿಂಗಳುಗಳಲ್ಲಿ ಇಲ್ಲಿ ಒಂದು ಕ್ರಾಂತಿ, ಒಂದು ಸೈನಿಕ ದಂಗೆ, ಒಂದು ವಿಲೀನ ನಡೆದುಹೋದವು. ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡವು ಎಂಬುದನ್ನು ನೋಡೋಣ.

ಮೊದಲನೆಯದು ಜಾಂಜಿಬಾರಿನ ಕ್ರಾಂತಿ. 1963ರ ಜುಲೈ ಚುನಾವಣೆಯಲ್ಲಿ ಆಫ್ರೋ-ಶಿರಾಜಿ ಪಕ್ಷಕ್ಕೆ ಶೇಕಡಾ 54ರಷ್ಟು ಮತ ಬಿದ್ದಿತ್ತು. ಆದರೆ ಕ್ಷೇತ್ರಗಳ ವಿಂಗಡಣೆ ಹೇಗಿತ್ತೆಂದರೆ, ಅದಕ್ಕೆ ದಕ್ಕಿದ್ದು 31 ಸ್ಥಾನಗಳಲ್ಲಿ 13 ಮಾತ್ರ. ಬಹುಪಾಲು ಆಫ್ರಿಕನ್ನರು ಬೆಂಬಲಿಸಿದ ಪಕ್ಷ ಅಧಿಕಾರದ ಹೊರಗೇ ಉಳಿಯಿತು. ಸ್ವಾತಂತ್ರ್ಯ ಬಂದು ಸುಮಾರು ಒಂದು ತಿಂಗಳಾಗುವಷ್ಟರಲ್ಲಿ, 1964ರ ಜನವರಿ 12ರ ನಸುಕಿನಲ್ಲಿ, ಜಾನ್ ಒಕೆಲ್ಲೋ ಎಂಬಾತನ ನಾಯಕತ್ವದಲ್ಲಿ ಗುಂಪೊಂದು ಪೊಲೀಸ್ ಶಸ್ತ್ರಾಗಾರಗಳಿಗೆ ನುಗ್ಗಿತು. ಸುಲ್ತಾನ ಜಮ್‌ಷೀದ್ ದ್ವೀಪ ಬಿಟ್ಟು ಓಡಿದ. ಅಬೀದ್ ಕರೂಮೆ ಅಧ್ಯಕ್ಷರಾದರು. ಆದರೆ ಮತಪೆಟ್ಟಿಗೆಯ ಅನ್ಯಾಯಕ್ಕೆ ಬೆಲೆ ತೆತ್ತವರು ಸಾಮಾನ್ಯ ಜನ. ನಂತರದ ಹಿಂಸಾಚಾರದಲ್ಲಿ ಸಾವಿರಾರು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಅರಬರು; ಭಾರತ ಮೂಲದವರೂ ಇದ್ದರು.

ಅಲ್ಲಿನ ಶಾಂತಿಪಾಲನೆಗೆಂದು ಟಾಂಗನೀಕಾ ಸರ್ಕಾರ ತನ್ನ ಪೊಲೀಸರ ಒಂದು ತುಕಡಿಯನ್ನು ಕಳುಹಿಸಿತು. ಹೀಗೆ ರಾಜಧಾನಿ ದಾರ್ ಎಸ್ ಸಲಾಮ್‌ನಲ್ಲಿ ಕಾವಲು ತೆಳುವಾಗಿದ್ದಾಗಲೇ ಎರಡನೆಯ ಘಟನೆ ನಡೆಯಿತು.

ಟಾಂಗನೀಕಾ ರೈಫಲ್ಸ್ ಎಂಬುದು ಆ ದೇಶದ ಸೈನ್ಯ. ಹೆಸರು ಹೊಸದು, ಸೈನ್ಯ ಹಳೆಯದು. ಬ್ರಿಟಿಷರು ಕಟ್ಟಿದ ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ನ ತುಂಡು ಅದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದವರೆಗೂ ಬಂದು ಕಾದಾಡಿದ ಪಡೆ ಅದೇ. ಸ್ವಾತಂತ್ರ್ಯ ಬಂದು ಎರಡು ವರ್ಷ ಕಳೆದರೂ ಅದರ ಸೇನಾಪತಿ ಬ್ರಿಟಿಷ್ ಬ್ರಿಗೇಡಿಯರ್. ಅಧಿಕಾರಿಗಳಲ್ಲಿ ಹೆಚ್ಚಿನವರೂ ಬ್ರಿಟಿಷರೇ. ಸಿಪಾಯಿಗಳ ಸಂಬಳ ಅತಿ ಕಡಿಮೆ. ಜನವರಿ 20ರ ನಡುರಾತ್ರಿ ಕೊಲಿಟೋ ಬ್ಯಾರಕ್ಸ್‌ನ ಸಿಪಾಯಿಗಳು ಬ್ರಿಟಿಷ್ ಅಧಿಕಾರಿಗಳನ್ನು ಬಂಧಿಸಿ ನಗರಕ್ಕೆ ಹೊರಟರು. ಅವರ ಬೇಡಿಕೆಗಳು ಎರಡು: ಸಂಬಳ ಹೆಚ್ಚಿಸಿ, ನಮ್ಮವರನ್ನೇ ಅಧಿಕಾರಿಗಳನ್ನಾಗಿ ಮಾಡಿ.

ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಮೊದಲು ಶಾಲಾ ಉಪಾಧ್ಯಾಯರಾಗಿದ್ದವರು. ಜನ ಅವರನ್ನು 'ಮ್ವಾಲಿಮು', ಅಂದರೆ ಸ್ವಾಹಿಲಿ ಭಾಷೆಯಲ್ಲಿ 'ಮೇಷ್ಟ್ರು', ಎಂದೇ ಕರೆಯುತ್ತಿದ್ದರು. ಅವರು ಅಡಗಿಕೊಳ್ಳಬೇಕಾಯಿತು. ರಕ್ಷಣಾ ಮಂತ್ರಿ ಆಸ್ಕರ್ ಕಂಬೋನಾ ಸಿಪಾಯಿಗಳೊಡನೆ ಮಾತುಕತೆಗೆ ನಿಂತರು. ನಗರದಲ್ಲಿ ಅಂಗಡಿಗಳ ಲೂಟಿಯಾಯಿತು, ಹಲವರು ಸತ್ತರು. ದಂಗೆ ಅಲ್ಲಿಗೇ ನಿಲ್ಲಲಿಲ್ಲ. ಜನವರಿ 23ರಂದು ಉಗಾಂಡಾದ ಜಿಂಜಾದಲ್ಲಿ, 24ರಂದು ಕೀನ್ಯಾದ ಲಾನೆಟ್‌ನಲ್ಲಿ ಸೈನಿಕರು ಎದ್ದರು.

ಕೊನೆಗೆ ನ್ಯೆರೆರೆಯವರು ಯಾರಿಂದ ಸ್ವಾತಂತ್ರ್ಯ ಪಡೆದಿದ್ದರೋ ಅದೇ ಬ್ರಿಟನ್ನಿನ ನೆರವು ಕೇಳಿದರು. 25ರ ಮುಂಜಾನೆ 'ಸೆಂಟಾರ್' ಎಂಬ ಯುದ್ಧನೌಕೆಯಿಂದ ಹೆಲಿಕಾಪ್ಟರುಗಳಲ್ಲಿ ಬಂದಿಳಿದ ಬ್ರಿಟಿಷ್ ಕಮಾಂಡೋಗಳು ಸ್ವಲ್ಪ ಹೊತ್ತಿನಲ್ಲೇ ದಂಗೆ ಅಡಗಿಸಿದರು. ಸರ್ಕಾರ ಉಳಿಯಿತು, ಮಾನ ಹೋಯಿತು. ನ್ಯೆರೆರೆ ಅದನ್ನು ಮುಚ್ಚಿಡಲಿಲ್ಲ. ಫೆಬ್ರವರಿಯಲ್ಲಿ ಆಫ್ರಿಕನ್ ಏಕತಾ ಸಂಘಟನೆಯ ವಿದೇಶಾಂಗ ಮಂತ್ರಿಗಳನ್ನು ತಮ್ಮ ರಾಜಧಾನಿಗೇ ಕರೆಸಿ ಪರಿಸ್ಥಿತಿಯನ್ನು ವಿವರಿಸಿದರು. ಬ್ರಿಟಿಷ್ ಪಡೆ ಹೊರಟಿತು, ಅದರ ಜಾಗಕ್ಕೆ ನೈಜೀರಿಯಾದ ಸೈನಿಕರು ಬಂದರು.

ಮೂರನೆಯದು ವಿಲೀನ. ದ್ವೀಪದಲ್ಲಿ ಅಸ್ಥಿರತೆ, ಶೀತಲ ಸಮರದ ಎರಡೂ ಬಣಗಳ ಕಣ್ಣು ಆ ಕಡೆಗೇ. ಏಪ್ರಿಲ್ 22ರಂದು ನ್ಯೆರೆರೆ ಮತ್ತು ಕರೂಮೆ ಒಪ್ಪಂದಕ್ಕೆ ಸಹಿ ಹಾಕಿದರು. 26ರಂದು ಎರಡು ದೇಶಗಳು ಒಂದಾದವು. ಎರಡೂ ಕಡೆಯ ಮಣ್ಣನ್ನು ನ್ಯೆರೆರೆ ಒಟ್ಟಿಗೆ ಬೆರೆಸಿದರು. ಅಕ್ಟೋಬರ್ 29ರಂದು ಟಾಂಜಾನಿಯಾ ಎಂಬ ಹೆಸರು ಬಂತು. ಆ ಒಕ್ಕೂಟ ಇಂದಿಗೂ ಉಳಿದಿದೆ; ಜಾಂಜಿಬಾರಿಗೆ ತನ್ನದೇ ಅಧ್ಯಕ್ಷ, ತನ್ನದೇ ಶಾಸನಸಭೆ ಇವೆ.

ಈಗ ಒಂದು ಹೋಲಿಕೆ ಮಾಡಿ ನೋಡಿ. ಒಂದೇ ವಾರದಲ್ಲಿ ಮೂರು ದೇಶಗಳಲ್ಲಿ ದಂಗೆ. ಮೂರೂ ಕಡೆ ಬ್ರಿಟಿಷ್ ಸೈನ್ಯವೇ ನೆರವಿಗೆ ಬಂತು. ಆದರೆ ನಂತರದ ದಾರಿಗಳು ಬೇರೆಯಾದವು. ಕೀನ್ಯಾ ದಂಗೆಕೋರರನ್ನು ಸೈನಿಕ ನ್ಯಾಯಾಲಯಕ್ಕೆ ಒಪ್ಪಿಸಿತು. ಉಗಾಂಡಾದ ಒಬೋಟೆ ಸರ್ಕಾರ ಸಂಬಳ ಏರಿಸಿತು, ಸೈನ್ಯವನ್ನು ಓಲೈಸುತ್ತ ಹೋಯಿತು. ಅದೇ ಸೈನ್ಯದಲ್ಲಿ ಮೇಲೇರಿದ ಇದಿ ಅಮೀನ್ 1971ರ ಜನವರಿ 25ರಂದು ಒಬೋಟೆಯನ್ನೇ ಕಿತ್ತೊಗೆದ; ಮರುವರ್ಷ 90 ದಿನಗಳ ಗಡುವು ಕೊಟ್ಟು ಹತ್ತಾರು ಸಾವಿರ ಭಾರತ ಮೂಲದವರನ್ನು ಹೊರಗಟ್ಟಿದ.

ಟಾಂಗನೀಕಾ ಹಳೆಯ ಸೈನ್ಯವನ್ನೇ ವಿಸರ್ಜಿಸಿತು. 1964ರ ಸೆಪ್ಟೆಂಬರ್ 1ರಂದು ಹೊಸ ಜನತಾ ರಕ್ಷಣಾ ಪಡೆ ಹುಟ್ಟಿತು. ಆಳುವ ಪಕ್ಷವಾದ 'ಟಾನು'ವಿನ ಯುವಕರನ್ನು ಅದಕ್ಕೆ ಸೇರಿಸಿದರು. ಕೊಲಿಟೋ ಎಂಬುದು ಬ್ರಿಟಿಷರ ಪರವಾಗಿ ಗೆದ್ದ ಒಂದು ಕಾಳಗದ ಹೆಸರು. ಆ ಬ್ಯಾರಕ್ಸ್‌ಗೆ ಮುಂದೆ ಲುಗಾಲೋ ಎಂದು ಹೆಸರಿಟ್ಟರು. 1891ರಲ್ಲಿ ಹೆಹೆ ಜನ ಜರ್ಮನರನ್ನು ಸೋಲಿಸಿದ ಸ್ಥಳ ಅದು. ಟಾಂಜಾನಿಯಾದಲ್ಲಿ ಸೈನ್ಯ ಮತ್ತೆಂದೂ ಅಧಿಕಾರ ಕಿತ್ತುಕೊಳ್ಳಲಿಲ್ಲ.

ಆದರೆ ಇದಕ್ಕೂ ಬೆಲೆ ತೆರಬೇಕಾಯಿತು. ದಂಗೆಯ ನಂತರ ಅನೇಕ ಕಾರ್ಮಿಕ ಮುಖಂಡರು ಜೈಲು ಸೇರಿದರು. ಸ್ವತಂತ್ರ ಸಂಘಗಳ ಬದಲು ಸರ್ಕಾರದ ಹಿಡಿತದ ಒಂದೇ ಸಂಘ ಬಂತು. 1965ರಲ್ಲಿ ಏಕಪಕ್ಷ ಪದ್ಧತಿ ಕಾನೂನಾಯಿತು. ಬೇರೆ ಪಕ್ಷಗಳಿಗೆ ಅವಕಾಶ ಸಿಕ್ಕಿದ್ದು 1992ರಲ್ಲಿ. ಸಿಪಾಯಿ ಸಂವಿಧಾನದ ಮಾತು ಕೇಳಬೇಕೆ, ಆಳುವ ಪಕ್ಷದ ಮಾತು ಕೇಳಬೇಕೆ? ಎರಡೂ ಒಂದೇ ಎಂದು 1964ರಲ್ಲಿ ಅಲ್ಲಿನ ಮುಖಂಡರು ನಂಬಿದರು. ಅವು ಒಂದೇ ಹೌದೇ? ನಿಮ್ಮ ತರಗತಿಯಲ್ಲಿ ಈ ಪ್ರಶ್ನೆಯನ್ನು ಚರ್ಚೆಗೆ ಎತ್ತಿಕೊಳ್ಳಿ.